ಪಾತ್ರೆ ಬಡಿದ ವರ್ಷ: 2009ರಲ್ಲಿ ಐಸ್‌ಲ್ಯಾಂಡಿನಲ್ಲಿ ಬದಲಾದದ್ದು ಏನು?

ಪ್ರಶ್ನೆ: ನಾನು ಪದವಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ಐಸ್‌ಲ್ಯಾಂಡಿನ ಜನ 2009ರಲ್ಲಿ ಪಾತ್ರೆ ಬಡಿದು ಸರ್ಕಾರವನ್ನು ಉರುಳಿಸಿದರು, ಬ್ಯಾಂಕಿನವರನ್ನು ಜೈಲಿಗೆ ಕಳಿಸಿದರು, ವಿದೇಶಿ ಸಾಲ ಕಟ್ಟುವುದಿಲ್ಲ ಎಂದರು, ಕೊನೆಗೆ ತಮ್ಮ ಸಂವಿಧಾನವನ್ನು ತಾವೇ ಬರೆದುಕೊಂಡರು ಎಂಬ ವಾಟ್ಸ್‌ಆ್ಯಪ್ ಸಂದೇಶವೊಂದು ವರ್ಷಕ್ಕೊಮ್ಮೆಯಾದರೂ ನನಗೆ ಬರುತ್ತದೆ. ವಿದ್ಯಾರ್ಥಿಗಳೂ ಇದನ್ನು ತಂದು ತೋರಿಸುತ್ತಾರೆ. ಇದರಲ್ಲಿ ನಿಜವೆಷ್ಟು?

ಉತ್ತರ: ತಾವು ಹೇಳುವ ಸಂದೇಶ ನನಗೂ ಹಲವು ಸಲ ಬಂದಿದೆ. ಅದರಲ್ಲಿ ಸುಳ್ಳಿಗಿಂತ ಅವಸರವೇ ಹೆಚ್ಚು. ಏಳೆಂಟು ವರ್ಷಗಳಲ್ಲಿ, ಬೇರೆ ಬೇರೆ ಸಂಸ್ಥೆಗಳ ಕೈಯಲ್ಲಿ, ಬೇರೆ ಬೇರೆ ಕಾರಣಗಳಿಗಾಗಿ ನಡೆದ ಸಂಗತಿಗಳನ್ನು ಅದು ಒಂದೇ ಚಳಿಗಾಲದ ಒಂದೇ ಕ್ರಾಂತಿಯ ಲೆಕ್ಕಕ್ಕೆ ಬರೆದುಬಿಡುತ್ತದೆ. ಸರ್ಕಾರ ಉರುಳಿದ್ದು ನಿಜ, ಪಾತ್ರೆ ಬಡಿದದ್ದೂ ನಿಜ. ಆದರೆ ಆ ದೇಶ ಪೂರ್ತಿ ಮುಳುಗದಂತೆ ತಡೆದ ಅತಿ ಮುಖ್ಯ ಕಾನೂನನ್ನು ಮಾಡಿದ್ದು ಜನ ಉರುಳಿಸಿದ ಅದೇ ಸರ್ಕಾರ ಎಂಬ ಮಾತು ಆ ಸಂದೇಶದಲ್ಲಿ ಎಲ್ಲಿಯೂ ಇರುವುದಿಲ್ಲ. ಬೀದಿ ಗಳಿಸಿಕೊಟ್ಟದ್ದು ಬೇರೆಯದೇ ವಸ್ತು. ಅದೇನೆಂದು ತಿಳಿಯಲು 2008ರ ಅಕ್ಟೋಬರಿನಿಂದಲೇ ಹೊರಡಬೇಕು.

ಮೊದಲು ಗಾತ್ರದ ಮಾತು. ಐಸ್‌ಲ್ಯಾಂಡಿನ ವಿಸ್ತೀರ್ಣ ಕರ್ನಾಟಕದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಆದರೆ ಆಗಿನ ಜನಸಂಖ್ಯೆ ಸುಮಾರು 3.2 ಲಕ್ಷ, ಅಂದರೆ 2011ರ ಜನಗಣತಿಯ ಶಿವಮೊಗ್ಗ ನಗರದಷ್ಟು. ಮೀನುಗಾರಿಕೆಯನ್ನು ನೆಚ್ಚಿ ಬೆಳೆದ ಈ ದೇಶದಲ್ಲಿ, ಸರ್ಕಾರಿ ಸ್ವಾಮ್ಯದ ಬ್ಯಾಂಕುಗಳು 1998ರಿಂದ 2003ರ ಒಳಗೆ ಖಾಸಗಿಯವರ ಪಾಲಾದವು. ಕೌಪ್‌ಥಿಂಗ್, ಲ್ಯಾಂಡ್ಸ್‌ಬ್ಯಾಂಕಿ ಮತ್ತು ಗ್ಲಿಟ್ನಿರ್ ಎಂಬ ಮೂರು ಬ್ಯಾಂಕುಗಳು ಹೊರದೇಶಗಳಲ್ಲಿ ಸಾಲ ಎತ್ತಿ, ಹೊರದೇಶದ ಕಂಪನಿಗಳನ್ನು ಕೊಳ್ಳುವವರಿಗೆ ಸಾಲ ಕೊಟ್ಟು, ಐದಾರು ವರ್ಷಗಳಲ್ಲಿ ಎಷ್ಟು ಊದಿಕೊಂಡವೆಂದರೆ, ಕುಸಿಯುವ ಹೊತ್ತಿಗೆ ಅವುಗಳ ಒಟ್ಟು ಆಸ್ತಿಯ ಲೆಕ್ಕ ದೇಶದ ವಾರ್ಷಿಕ ಉತ್ಪನ್ನದ ಒಂಬತ್ತು ಪಟ್ಟಿನಷ್ಟಿತ್ತು. ಈ ವ್ಯವಹಾರಸ್ಥರನ್ನು ಅಲ್ಲಿಯ ಪತ್ರಿಕೆಗಳು ಹೊರನಾಡಿಗೆ ದಂಡೆತ್ತಿ ಹೋದ ವೈಕಿಂಗರೆಂದು ಹೊಗಳುತ್ತಿದ್ದವು. ಮುಂದೆ ಅದೇ ಪದ ಬೈಗುಳವಾಯಿತು.

ಅಮೆರಿಕದ ಲೀಮನ್ ಬ್ರದರ್ಸ್ ಬ್ಯಾಂಕು ಬಿದ್ದ ಮೇಲೆ ಹೊರಗಿನಿಂದ ಹೊಸ ಸಾಲ ಹುಟ್ಟುವುದು ನಿಂತಿತು. 2008ರ ಸೆಪ್ಟೆಂಬರ್ 29ರಂದು ಸರ್ಕಾರ ಗ್ಲಿಟ್ನಿರ್‌ನ ಮುಕ್ಕಾಲು ಪಾಲನ್ನು 60 ಕೋಟಿ ಯೂರೊಗೆ ಕೊಳ್ಳುವುದಾಗಿ ಸಾರಿತು. ಅದು ಧೈರ್ಯ ತುಂಬುವ ಬದಲು ದಿಗಿಲು ಹುಟ್ಟಿಸಿತು. ಅಕ್ಟೋಬರ್ 6ರಂದು ಪ್ರಧಾನಿ ಗೇರ್ ಹಾರ್ಡೆ ದೂರದರ್ಶನದಲ್ಲಿ ಮಾತನಾಡಿ, ಬ್ಯಾಂಕುಗಳ ಜೊತೆಗೆ ಇಡೀ ದೇಶವೇ ಸುಳಿಗೆ ಸಿಕ್ಕಿ ದಿವಾಳಿಯಾಗುವ ಅಪಾಯವಿದೆಯೆಂದು ತಿಳಿಸಿ, ದೇವರು ಐಸ್‌ಲ್ಯಾಂಡನ್ನು ಹರಸಲಿ ಎಂದು ಮುಗಿಸಿದರು. ಭಾಷಣದ ಕೊನೆಯಲ್ಲಿ ದೇವರನ್ನು ಕರೆಯುವ ರೂಢಿ ಆ ದೇಶದ ರಾಜಕಾರಣಿಗಳಿಗಿಲ್ಲ. ಪರಿಸ್ಥಿತಿ ಎಷ್ಟು ಕೆಟ್ಟಿದೆ ಎಂಬುದು ಆ ಒಂದು ಸಾಲಿನಿಂದಲೇ ತಿಳಿಯಿತೆಂದು ಅಲ್ಲಿಯವರು ಇಂದಿಗೂ ನೆನೆಯುತ್ತಾರೆ.

ಅದೇ ರಾತ್ರಿ ಆಲ್‌ಥಿಂಗ್, ಅಂದರೆ ಅಲ್ಲಿಯ ಸಂಸತ್ತು, ತುರ್ತು ಕಾನೂನೊಂದನ್ನು ಅಂಗೀಕರಿಸಿತು. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಸಂದೇಶಗಳಲ್ಲಿ ಬಿಟ್ಟುಹೋಗುವ ಕೊಂಡಿ ಇದು. ಈ ಕಾನೂನು ಹಣಕಾಸು ಮೇಲ್ವಿಚಾರಣಾ ಸಂಸ್ಥೆಗೆ ಬ್ಯಾಂಕುಗಳನ್ನು ವಶಕ್ಕೆ ತೆಗೆದುಕೊಳ್ಳುವ ಅಧಿಕಾರ ಕೊಟ್ಟಿತು. ಅದಕ್ಕಿಂತ ಮುಖ್ಯವಾಗಿ, ಬ್ಯಾಂಕು ದಿವಾಳಿಯಾದರೆ ಉಳಿದ ಆಸ್ತಿಯಲ್ಲಿ ಮೊದಲ ಪಾಲು ಠೇವಣಿದಾರರಿಗೆ, ಬಾಂಡು ಕೊಂಡು ಬ್ಯಾಂಕಿಗೆ ಸಾಲ ಕೊಟ್ಟ ದೊಡ್ಡವರಿಗೆ ಆಮೇಲೆ ಎಂದು ಸರದಿಯನ್ನೇ ಬದಲಿಸಿತು. ಮೂರು ದಿನಗಳೊಳಗೆ ಮೂರೂ ಬ್ಯಾಂಕುಗಳು ಸರ್ಕಾರದ ವಶವಾದವು. ದೇಶದೊಳಗಿನ ಠೇವಣಿ ಮತ್ತು ಸಾಲಗಳನ್ನು ಹೊಸ ಬ್ಯಾಂಕುಗಳಿಗೆ ವರ್ಗಾಯಿಸಿ, ವಿದೇಶಿ ಹೊರೆಯನ್ನೆಲ್ಲ ಹಳೆಯ ಬ್ಯಾಂಕುಗಳ ದಿವಾಳಿ ಆಸ್ತಿಯೊಳಗೇ ಬಿಡಲಾಯಿತು. ರಾಜಧಾನಿ ರೇಕ್ಯಾವಿಕ್‌ನ ಅಂಗಡಿಗಳಲ್ಲಿ ಒಂದು ದಿನವೂ ಕಾರ್ಡು ಕೆಲಸ ನಿಲ್ಲಿಸಲಿಲ್ಲ. ಬ್ಯಾಂಕುಗಳನ್ನು ತೆರಿಗೆದಾರರ ಹಣದಿಂದ ಉಳಿಸಲಿಲ್ಲ ಎಂದು ಐಸ್‌ಲ್ಯಾಂಡನ್ನು ಹೊಗಳುವವರು ಹೊಗಳುತ್ತಿರುವುದು ಈ ಕಾನೂನನ್ನೇ. ಆದರೆ ಆ ಹೊಗಳಿಕೆಯಲ್ಲಿ ಒಂದು ರಿಯಾಯಿತಿ ಬೇಕು: ಒಂಬತ್ತು ಪಟ್ಟು ದೊಡ್ಡ ಬ್ಯಾಂಕುಗಳನ್ನು ಉಳಿಸುವುದು ಆ ಸರ್ಕಾರಕ್ಕೆ ಬೇಕೆಂದರೂ ಸಾಧ್ಯವಿರಲಿಲ್ಲ. ಅಸಾಧ್ಯವೇ ಅಲ್ಲಿ ನೀತಿಯಾಯಿತು.

ಮನೆಗಳ ಮೇಲೆ ಪೆಟ್ಟು ಬಿದ್ದದ್ದು ಬೇರೆ ದಾರಿಯಿಂದ. ಅಲ್ಲಿಯ ಹಣವಾದ ಕ್ರೋನಾ ಯೂರೊದ ಎದುರು ಹೆಚ್ಚುಕಡಿಮೆ ಅರ್ಧ ಬೆಲೆ ಕಳೆದುಕೊಂಡಿತು. ಬಡ್ಡಿ ಕಡಿಮೆಯೆಂದು ಜಪಾನಿನ ಯೆನ್, ಸ್ವಿಸ್ ಫ್ರಾಂಕ್ ಲೆಕ್ಕದಲ್ಲಿ ಕಾರು ಸಾಲ ಪಡೆದಿದ್ದವರ ಬಾಕಿ ಅವರು ಏನೂ ಮಾಡದೆಯೇ ದುಪ್ಪಟ್ಟಾಯಿತು. ಮನೆ ಸಾಲದ ಕಥೆ ಇನ್ನೂ ವಿಚಿತ್ರ. ಐಸ್‌ಲ್ಯಾಂಡಿನಲ್ಲಿ ಹೆಚ್ಚಿನ ಗೃಹಸಾಲಗಳು ಬೆಲೆಯೇರಿಕೆಗೆ ಕಟ್ಟಿಹಾಕಿದವು. ಹಣದುಬ್ಬರ ಏರಿದಷ್ಟು ಬಡ್ಡಿಯಲ್ಲ, ಅಸಲೇ ಏರುತ್ತದೆ. 2009ರ ಜನವರಿಯಲ್ಲಿ ಹಣದುಬ್ಬರ ಶೇ. 18.6 ಮುಟ್ಟಿತು. ತಿಂಗಳು ತಿಂಗಳೂ ತಪ್ಪದೆ ಕಂತು ಕಟ್ಟಿದ ಕುಟುಂಬವೂ ವರ್ಷದ ಕೊನೆಗೆ ಮೊದಲಿಗಿಂತ ದೊಡ್ಡ ಅಸಲಿನ ಮುಂದೆ ನಿಂತಿತ್ತು. ನಿರುದ್ಯೋಗವೆಂದರೇನೆಂದು ಹೆಚ್ಚು ಕಂಡರಿಯದ ದೇಶದಲ್ಲಿ ಅದು ಕೆಲವೇ ತಿಂಗಳಲ್ಲಿ ಶೇ. 9ರ ಆಸುಪಾಸಿಗೆ ಏರಿತು. ಈ ಇಕ್ಕಟ್ಟಿಗೆ ಅವರ ಭಾಷೆಯ ಹೆಸರು ‘ಕ್ರೆಪ್ಪಾ’.

ಅಕ್ಟೋಬರ್ 11ರಂದು ಹೋರ್ದುರ್ ತೊರ್ಫಾಸನ್ ಎಂಬ ಗಾಯಕ ಸಂಸತ್ ಭವನದ ಮುಂದಿನ ಔಸ್ಟುರ್ವೊಲ್ಲುರ್ ಚೌಕದಲ್ಲಿ ನಿಂತು, ಹೋಗಿಬರುವವರನ್ನು ಮಾತನಾಡಿಸತೊಡಗಿದರು. ದಶಕಗಳ ಹಿಂದೆಯೇ ತಾನು ಸಲಿಂಗಿಯೆಂದು ಬಹಿರಂಗವಾಗಿ ಹೇಳಿಕೊಂಡು, ಅದಕ್ಕಾಗಿ ದೇಶವನ್ನೇ ಬಿಟ್ಟು ಕೆಲಕಾಲ ಹೊರಗಿದ್ದ ವ್ಯಕ್ತಿ ಅವರು. ಒಂಟಿಯಾಗಿ ನಿಲ್ಲುವುದು ಅವರಿಗೆ ಹೊಸದಾಗಿರಲಿಲ್ಲ. ಅಲ್ಲಿಂದ ಮುಂದೆ ಪ್ರತಿ ಶನಿವಾರ ಮಧ್ಯಾಹ್ನ ಅಲ್ಲಿ ಸಭೆ. ಬೇಡಿಕೆಗಳು ಮೂರೇ: ಸರ್ಕಾರ ಹೋಗಬೇಕು, ಕೇಂದ್ರ ಬ್ಯಾಂಕಿನ ಮತ್ತು ಮೇಲ್ವಿಚಾರಣಾ ಸಂಸ್ಥೆಯ ಮುಖ್ಯಸ್ಥರು ಹೋಗಬೇಕು, ಬೇಗನೆ ಚುನಾವಣೆ ನಡೆಯಬೇಕು. ಹೊಸ ಸಮಾಜ, ಹೊಸ ವ್ಯವಸ್ಥೆ ಎಂಬ ದೊಡ್ಡ ಮಾತುಗಳು ಭಾಷಣಗಳಲ್ಲಿ ಬೇಕಾದಷ್ಟಿದ್ದರೂ, ಬೇಡಿಕೆಯ ಪಟ್ಟಿಗೆ ಅವು ಏರಲಿಲ್ಲ. ಆ ಚಳವಳಿ ಗೆದ್ದದ್ದಕ್ಕೆ ಈ ಮಿತಿಯೇ ಮುಖ್ಯ ಕಾರಣವೆಂಬುದು ನನ್ನ ಅಭಿಪ್ರಾಯ. ಈಡೇರಿತೋ ಇಲ್ಲವೋ ಎಂದು ಕಣ್ಣಿಗೆ ಕಾಣುವಂಥ ಬೇಡಿಕೆಗಳನ್ನೇ ಅವರು ಇಟ್ಟುಕೊಂಡಿದ್ದರು.

ಶನಿವಾರದ ಸಭೆಗಳ ಒತ್ತಡ ಸರ್ಕಾರ ಬೀಳುವುದಕ್ಕೆ ಮುಂಚೆಯೇ ಫಲ ಕೊಡತೊಡಗಿತ್ತು. 2008ರ ಡಿಸೆಂಬರಿನಲ್ಲಿ ಸಂಸತ್ತು ಎರಡು ಕಾನೂನುಗಳನ್ನು ಮಾಡಿತು: ಕುಸಿತದ ಕಾರಣಗಳನ್ನು ಹುಡುಕಲು ವಿಶೇಷ ತನಿಖಾ ಆಯೋಗ, ಅಪರಾಧಗಳನ್ನು ಹುಡುಕಲು ವಿಶೇಷ ಪ್ರಾಸಿಕ್ಯೂಟರ್ ಕಚೇರಿ. ಇವೂ ಹಳೆಯ ಸರ್ಕಾರದ ಕಾಲದವೇ.

ಆದರೂ ರಾಜೀನಾಮೆ ಕೊಡಬೇಕೆಂದು ಯಾರಿಗೂ ಅನಿಸಿರಲಿಲ್ಲ. ಕ್ರಿಸ್‌ಮಸ್ ರಜೆ ಮುಗಿದು 2009ರ ಜನವರಿ 20ರಂದು ಸಂಸತ್ತು ಸೇರಿದಾಗ ಚರ್ಚೆಗೆ ಬಂದ ಮಸೂದೆಗಳಲ್ಲಿ ಒಂದು, ದಿನಸಿ ಅಂಗಡಿಗಳಲ್ಲಿ ಮದ್ಯ ಮಾರಲು ಬಿಡಬೇಕೆ ಎಂಬುದು. ಹೊರಗೆ ಸಾವಿರಾರು ಜನ. ಮನೆಯಿಂದ ತಂದ ಪಾತ್ರೆ, ಬಾಣಲೆ, ಸೌಟು, ಮುಚ್ಚಳ, ಕೈಗೆ ಸಿಕ್ಕಿದ್ದನ್ನು ಬಡಿಯುತ್ತ, ಒಳಗಿನ ಸದಸ್ಯರಿಗೆ ತಮ್ಮ ಮಾತು ತಮಗೇ ಕೇಳದಂತೆ ಮಾಡಿದರು. ‘ಪಾತ್ರೆಪಗಡೆಗಳ ಕ್ರಾಂತಿ’ ಎಂಬ ಹೆಸರು ಅಂದಿನದು. ಕತ್ತಲಾದರೂ ಯಾರೂ ಕದಲಲಿಲ್ಲ. ಚೌಕದಲ್ಲಿ ಬೆಂಕಿ ಹಾಕಿಕೊಂಡರು, ಓಸ್ಲೋ ನಗರ ಪ್ರತಿ ವರ್ಷ ಉಡುಗೊರೆಯಾಗಿ ಕಳಿಸುವ ಕ್ರಿಸ್‌ಮಸ್ ಮರವೂ ಅಂದು ಆ ಬೆಂಕಿಗೆ ಹೋಯಿತು. ಮರುದಿನ ಪ್ರಧಾನಿಯ ಕಾರಿಗೆ ಮೊಟ್ಟೆ ಬಿತ್ತು. 22ರ ನಸುಕಿನಲ್ಲಿ ಪೊಲೀಸರು ಅಶ್ರುವಾಯು ಸಿಡಿಸಿದರು. 1949ರಲ್ಲಿ ನ್ಯಾಟೊ ಸೇರ್ಪಡೆಯ ವಿರುದ್ಧ ಗಲಭೆಯಾದ ದಿನದ ನಂತರ ಆ ದೇಶದಲ್ಲಿ ಅದೇ ಮೊದಲು.

ಆಗ ನಡೆದ ಒಂದು ಸಂಗತಿಯನ್ನು ವಿದ್ಯಾರ್ಥಿಗಳಿಗೆ ತಾವು ಖಂಡಿತ ಹೇಳಬೇಕು. ಕೆಲವರು ಪೊಲೀಸರ ಮೇಲೆ ಕಲ್ಲು ಎಸೆಯತೊಡಗಿದಾಗ, ಪ್ರತಿಭಟನಕಾರರಲ್ಲಿಯೇ ಒಂದು ಗುಂಪು ಹೋಗಿ ಪೊಲೀಸರಿಗೆ ಅಡ್ಡವಾಗಿ ಸಾಲುಗಟ್ಟಿ ನಿಂತಿತು. ಶಾಂತಿಯುತವಾಗಿ ಪ್ರತಿಭಟಿಸುವವರು ಕಿತ್ತಳೆ ಬಣ್ಣದ ಪಟ್ಟಿ ಕಟ್ಟಿಕೊಂಡು ಬರತೊಡಗಿದರು. ಎಲ್ಲರೂ ಎಲ್ಲರಿಗೂ ಹೇಗೋ ಪರಿಚಿತರಾಗಿರುವ ಸಣ್ಣ ಸಮಾಜದಲ್ಲಿ, ಎದುರಿಗೆ ನಿಂತ ಪೊಲೀಸಿನವನೂ ಏರಿದ ಅಸಲಿನ ಸಾಲಗಾರನೇ ಎಂಬುದು ಯಾರಿಗೂ ಮರೆತಿರಲಿಲ್ಲ.

ಸರ್ಕಾರವನ್ನು ಕೊನೆಗೆ ಕೆಡವಿದ್ದು ಒಳಗಿನ ಬಿರುಕು. ಪ್ರಧಾನಿ ಗೇರ್ ಅವರ ಇಂಡಿಪೆಂಡೆನ್ಸ್ ಪಕ್ಷ ಮತ್ತು ಸೋಶಿಯಲ್ ಡೆಮಾಕ್ರಟಿಕ್ ಅಲಯನ್ಸ್ ಸೇರಿ ನಡೆಸುತ್ತಿದ್ದ ಮೈತ್ರಿ ಅದು. ಜನವರಿ 21ರ ರಾತ್ರಿ ಎರಡನೆಯ ಪಕ್ಷದ ರೇಕ್ಯಾವಿಕ್ ಘಟಕ ರಾಷ್ಟ್ರೀಯ ರಂಗಮಂದಿರದ ನೆಲಮಾಳಿಗೆಯಲ್ಲಿ ಸಭೆ ಸೇರಿ, ಮೈತ್ರಿ ಮುರಿಯಬೇಕೆಂದು ನಿರ್ಣಯಿಸಿತು. 23ರಂದು ಗೇರ್, ತಮ್ಮ ಅನ್ನನಾಳದಲ್ಲಿ ಗೆಡ್ಡೆ ಕಂಡುಬಂದಿದೆಯೆಂದೂ, ಪಕ್ಷದ ನಾಯಕತ್ವ ಬಿಡುವುದಾಗಿಯೂ, ಮೇ ತಿಂಗಳಲ್ಲಿ ಚುನಾವಣೆ ನಡೆಸುವುದಾಗಿಯೂ ತಿಳಿಸಿದರು. 25ರಂದು ವಾಣಿಜ್ಯ ಸಚಿವರು ರಾಜೀನಾಮೆಯಿತ್ತರು, ಹೊರಡುವ ಮುನ್ನ ಮೇಲ್ವಿಚಾರಣಾ ಸಂಸ್ಥೆಯ ಮುಖ್ಯಸ್ಥರನ್ನೂ ಕೆಳಗಿಳಿಸಿದರು. 26ರಂದು ಸರ್ಕಾರ ಇರಲಿಲ್ಲ.

ಫೆಬ್ರುವರಿ 1ರಂದು ಅಧಿಕಾರಕ್ಕೆ ಬಂದ ಅಲ್ಪಮತ ಸರ್ಕಾರದ ಪ್ರಧಾನಿ ಯೋಹಾನ್ನಾ ಸಿಗುರ್ದಾರ್‌ದೋತ್ತಿರ್. (ಇಲ್ಲಿ ನಾನು ಎಲ್ಲರನ್ನೂ ಮೊದಲ ಹೆಸರಿನಿಂದ ಕರೆಯುತ್ತಿರುವುದು ಸಲಿಗೆಯಿಂದಲ್ಲ. ಐಸ್‌ಲ್ಯಾಂಡಿನಲ್ಲಿ ಮನೆತನದ ಹೆಸರು ವಿರಳ, ಎರಡನೆಯ ಪದ ಸಾಮಾನ್ಯವಾಗಿ ‘ಇಂಥವರ ಮಗ’ ಅಥವಾ ‘ಇಂಥವರ ಮಗಳು’ ಎಂದಷ್ಟೇ ಹೇಳುತ್ತದೆ. ಹೆಸರಿನ ಜೊತೆ ತಂದೆಯ ಹೆಸರಿನ ಮೊದಲಕ್ಷರ ಇಟ್ಟುಕೊಳ್ಳುವ ನಮ್ಮವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ.) ಯೋಹಾನ್ನಾ ವಿಮಾನದ ಗಗನಸಖಿಯಾಗಿ ಕೆಲಸ ಆರಂಭಿಸಿ, ಕಾರ್ಮಿಕ ಸಂಘದ ಮೂಲಕ 1978ರಲ್ಲಿ ಸಂಸತ್ತಿಗೆ ಬಂದವರು. 1994ರಲ್ಲಿ ಪಕ್ಷದ ನಾಯಕತ್ವಕ್ಕೆ ಸ್ಪರ್ಧಿಸಿ ಸೋತಾಗ ‘ನನ್ನ ಕಾಲವೂ ಬರುತ್ತದೆ’ ಎಂದು ಅವರು ಆಡಿದ ಮಾತು ಅಲ್ಲಿ ನಾಣ್ಣುಡಿಯಂತೆ ಉಳಿದಿತ್ತು. ತಾನು ಸಲಿಂಗಿಯೆಂದು ಬಹಿರಂಗವಾಗಿ ಬದುಕಿದ ಮೊದಲ ಪ್ರಧಾನಿಯೆಂದು ಜಗತ್ತಿನ ಪತ್ರಿಕೆಗಳು ದೊಡ್ಡ ಅಕ್ಷರಗಳಲ್ಲಿ ಬರೆದರೆ, ಐಸ್‌ಲ್ಯಾಂಡಿನ ಪತ್ರಿಕೆಗಳಿಗೆ ಅದು ಸುದ್ದಿಯೇ ಆಗಿರಲಿಲ್ಲ. ಸಂಪುಟದಲ್ಲಿ ಮೊದಲ ಬಾರಿಗೆ ಸ್ತ್ರೀಪುರುಷರ ಸಂಖ್ಯೆ ಸಮವಾಗಿತ್ತು. ದಿವಾಳಿಯೆದ್ದ ಬ್ಯಾಂಕುಗಳ ಪೈಕಿ ಎರಡರ ಹೊಸ ರೂಪಗಳನ್ನು ನಡೆಸಲು ಹಿಂದಿನ ಅಕ್ಟೋಬರಿನಲ್ಲೇ ಮಹಿಳೆಯರನ್ನು ನೇಮಿಸಲಾಗಿತ್ತು. ಗಂಡಸರು ಕೆಡಿಸಿದ್ದನ್ನು ತೊಳೆಯಲು ಹೆಂಗಸರನ್ನು ಕರೆದರು ಎಂಬ ಕುಹಕ ಆಗ ಎಲ್ಲೆಡೆ ಕೇಳುತ್ತಿತ್ತು. ಅದರಲ್ಲಿ ಕುಹಕಕ್ಕಿಂತ ವರದಿಯೇ ಹೆಚ್ಚು ಇತ್ತೆನ್ನಬೇಕು.

ಉಳಿದದ್ದು ಕೇಂದ್ರ ಬ್ಯಾಂಕು. ಅದರ ಮುಖ್ಯಸ್ಥ ಡಾವಿಡ್ ಓಡ್ಸನ್ 1991ರಿಂದ 2004ರವರೆಗೆ ಪ್ರಧಾನಿಯಾಗಿದ್ದವರು. ಬ್ಯಾಂಕುಗಳನ್ನು ಖಾಸಗಿಗೆ ಕೊಟ್ಟದ್ದು ಅವರ ಕಾಲದಲ್ಲಿಯೇ. ರಾಜೀನಾಮೆ ಕೊಡಿ ಎಂದು ಹೊಸ ಪ್ರಧಾನಿ ಬರೆದ ಪತ್ರಕ್ಕೆ ಅವರು ಒಪ್ಪಲಿಲ್ಲ. ಸಂಸತ್ತು ಕೇಂದ್ರ ಬ್ಯಾಂಕಿನ ಕಾನೂನನ್ನೇ ತಿದ್ದಿ ಆ ಹುದ್ದೆಯನ್ನು ರದ್ದುಪಡಿಸಿತು, ಸರ್ಕಾರ ನಾರ್ವೆಯ ಸ್ವೈನ್ ಹಾರಾಲ್ಡ್ ಒಯ್‌ಗಾರ್ಡ್ ಅವರನ್ನು ತಾತ್ಕಾಲಿಕವಾಗಿ ಕೂರಿಸಿತು. ಶನಿವಾರದ ಪಟ್ಟಿಯಲ್ಲಿ ಉಳಿದದ್ದು ಚುನಾವಣೆ ಮಾತ್ರ.

ಏಪ್ರಿಲ್ 25ರಂದು ಅದೂ ನಡೆಯಿತು. 1929ರಲ್ಲಿ ಹುಟ್ಟಿದಂದಿನಿಂದ ಯಾವಾಗಲೂ ಮೊದಲ ಸ್ಥಾನದಲ್ಲಿದ್ದ ಇಂಡಿಪೆಂಡೆನ್ಸ್ ಪಕ್ಷ ಶೇ. 23.7ಕ್ಕೆ ಇಳಿಯಿತು. ಯೋಹಾನ್ನಾ ಅವರ ಪಕ್ಷವಾದ ಸೋಶಿಯಲ್ ಡೆಮಾಕ್ರಟಿಕ್ ಅಲಯನ್ಸ್‌ಗೆ 20 ಸ್ಥಾನ, ಮಿತ್ರಪಕ್ಷವಾದ ಲೆಫ್ಟ್ ಗ್ರೀನ್‌ಗೆ 14. 63 ಸ್ಥಾನಗಳ ಸಂಸತ್ತಿನಲ್ಲಿ ಎಡಪಕ್ಷಗಳೆರಡೇ ಸೇರಿ ಬಹುಮತ ಪಡೆದದ್ದು ಅದೇ ಮೊದಲು. 27 ಮಹಿಳೆಯರು ಗೆದ್ದರು. ಚೌಕದಿಂದಲೇ ಹುಟ್ಟಿದ ‘ನಾಗರಿಕರ ಚಳವಳಿ’ ಎಂಬ ಪಕ್ಷಕ್ಕೆ ಶೇ. 7.2 ಮತ, ನಾಲ್ಕು ಸ್ಥಾನ. ಸೆಪ್ಟೆಂಬರ್ ಹೊತ್ತಿಗೆ ಆ ನಾಲ್ವರೂ ಜಗಳವಾಡಿ ಪಕ್ಷ ಬಿಟ್ಟಿದ್ದರು. ಮೂವರು ಬೇರೆ ಗುಂಪು ಕಟ್ಟಿದರು, ಒಬ್ಬರು ಮುಂದೆ ಆಡಳಿತ ಪಕ್ಷವೊಂದಕ್ಕೆ ಹೋದರು. ಕ್ರಾಂತಿಯೆಂಬ ಪದವನ್ನು ಬಳಸುವವರು ಈ ಐದು ತಿಂಗಳ ಚರಿತ್ರೆಯನ್ನು ಸಾಮಾನ್ಯವಾಗಿ ಹೇಳುವುದಿಲ್ಲ.

ಹೊಸ ಸರ್ಕಾರದ ಆರ್ಥಿಕ ನೀತಿಯಲ್ಲಿ ಕ್ರಾಂತಿಕಾರಿಯಾದದ್ದು ಕಡಿಮೆ. 2008ರ ನವೆಂಬರಿನಲ್ಲಿ ಅಂತಾರಾಷ್ಟ್ರೀಯ ಹಣಕಾಸು ನಿಧಿ ಮಂಜೂರು ಮಾಡಿದ್ದ 210 ಕೋಟಿ ಡಾಲರ್ ಸಾಲದ ಕಾರ್ಯಕ್ರಮವನ್ನೇ, ವಿರೋಧ ಪಕ್ಷದಲ್ಲಿದ್ದಾಗ ಅದನ್ನು ಖಂಡಿಸಿದ್ದ ಲೆಫ್ಟ್ ಗ್ರೀನ್ ನಾಯಕ ಸ್ಟೈನ್‌ಗ್ರಿಮುರ್ ಸಿಗ್‌ಫುಸ್ಸನ್ ಹಣಕಾಸು ಸಚಿವರಾಗಿ ಮುಂದುವರಿಸಿದರು. ಹಣ ಹೊರಗೆ ಹೋಗದಂತೆ ಹಾಕಿದ ನಿರ್ಬಂಧಗಳು 2017ರವರೆಗೂ ಉಳಿದವು. ಹೆಚ್ಚು ಗಳಿಸುವವರಿಗೆ ಹೆಚ್ಚು ದರ ಬೀಳುವ ಮೂರು ಹಂತದ ಆದಾಯ ತೆರಿಗೆಯನ್ನು ವರ್ಷದ ಕೊನೆಗೆ ತಂದರು. ಎಡ ಸರ್ಕಾರದ ಗುರುತು ಎಂದು ತೋರಿಸಬಹುದಾದದ್ದು ಅದು. ಜುಲೈ 16ರಂದು ಐರೋಪ್ಯ ಒಕ್ಕೂಟದ ಸದಸ್ಯತ್ವಕ್ಕೆ ಅರ್ಜಿ ಹಾಕಲು ಸಂಸತ್ತು 33–28 ಮತಗಳಿಂದ ಒಪ್ಪಿತು, ಆದರೆ ಮುಂದಿನ ಸರ್ಕಾರ ಆ ಮಾತುಕತೆಯನ್ನೇ ನಿಲ್ಲಿಸಿತು.

ಈಗ ‘ಸಾಲ ಕಟ್ಟುವುದಿಲ್ಲ’ ಎಂಬ ಭಾಗಕ್ಕೆ ಬರೋಣ. ಲ್ಯಾಂಡ್ಸ್‌ಬ್ಯಾಂಕಿ ಬ್ರಿಟನ್ ಮತ್ತು ನೆದರ್‌ಲ್ಯಾಂಡ್ಸ್‌ನಲ್ಲಿ ಐಸ್‌ಸೇವ್ ಎಂಬ ಹೆಸರಿನಲ್ಲಿ ಅಂತರ್ಜಾಲದ ಮೂಲಕ ಠೇವಣಿ ಸಂಗ್ರಹಿಸಿತ್ತು. ಬ್ಯಾಂಕು ಬಿದ್ದಾಗ ಆ ಎರಡು ದೇಶಗಳ ಸರ್ಕಾರಗಳು ತಮ್ಮ ಠೇವಣಿದಾರರಿಗೆ ಹಣ ಕೊಟ್ಟು, ಅದನ್ನು ಐಸ್‌ಲ್ಯಾಂಡ್ ಸರ್ಕಾರ ಭರಿಸಬೇಕೆಂದು ಕೇಳಿದವು. ಬ್ರಿಟನ್ ಅಂತೂ 2008ರ ಅಕ್ಟೋಬರ್ 8ರಂದು ಭಯೋತ್ಪಾದನೆ ತಡೆಯ ಕಾನೂನನ್ನು ಬಳಸಿ ಲ್ಯಾಂಡ್ಸ್‌ಬ್ಯಾಂಕಿಯ ಆಸ್ತಿ ತಡೆಹಿಡಿಯಿತು. ನಾವು ಭಯೋತ್ಪಾದಕರಲ್ಲ ಎಂಬ ಮನವಿಗೆ 80 ಸಾವಿರಕ್ಕೂ ಹೆಚ್ಚು ಸಹಿಗಳು ಬಿದ್ದವು. ಬ್ಯಾಂಕಿನ ಮೇಲಿದ್ದ ಸಿಟ್ಟಿಗೆ ದೇಶದ ಮಾನದ ಪ್ರಶ್ನೆ ಸೇರಿಕೊಂಡದ್ದು ಹೀಗೆ. ಕೇಳಿದ ಮೊತ್ತ ಸುಮಾರು 390 ಕೋಟಿ ಯೂರೊ, ಅಂದರೆ ಹಸುಗೂಸನ್ನೂ ಸೇರಿಸಿ ತಲೆಗೆ 12 ಸಾವಿರ ಯೂರೊ.

ಇಲ್ಲಿ ಗಮನಿಸಬೇಕಾದದ್ದೆಂದರೆ, ಕ್ರಾಂತಿಯಿಂದ ಬಂದ ಸರ್ಕಾರ ಈ ಹಣ ಕಟ್ಟಲು ಒಪ್ಪಿತ್ತು. 2009ರ ಡಿಸೆಂಬರ್ 30ರಂದು ಅದರ ಮಸೂದೆ 33–30 ಮತಗಳಿಂದ ಪಾಸಾಯಿತು. ಅದಕ್ಕೆ ಸಹಿ ಹಾಕಲು 2010ರ ಜನವರಿ 5ರಂದು ನಿರಾಕರಿಸಿದವರು ಅಧ್ಯಕ್ಷ ಓಲಾಫುರ್ ರಾಗ್ನಾರ್ ಗ್ರಿಮ್ಸನ್. ಕುಸಿತಕ್ಕೆ ಮೊದಲು ವೈಕಿಂಗ್ ವ್ಯವಹಾರಸ್ಥರನ್ನು ದೇಶವಿದೇಶಗಳಲ್ಲಿ ಹೊಗಳಿ ಹೆಸರು ಕೆಡಿಸಿಕೊಂಡಿದ್ದವರು. ಮತದಾರರಲ್ಲಿ ಸುಮಾರು ಕಾಲು ಭಾಗದಷ್ಟು ಜನ ಸಹಿ ಹಾಕಿದ ಮನವಿ ಅವರ ಮುಂದಿತ್ತು. ಮಾರ್ಚ್ 6ರ ಜನಮತಗಣನೆಯಲ್ಲಿ ಶೇ. 93 ಜನ ಬೇಡವೆಂದರು, 2011ರಲ್ಲಿ ತಿದ್ದಿದ ಒಪ್ಪಂದಕ್ಕೂ ಬೇಡವೆಂದರು. 2013ರ ಜನವರಿಯಲ್ಲಿ ಎಫ್ಟಾ (ಐರೋಪ್ಯ ಮುಕ್ತ ವ್ಯಾಪಾರ ಸಂಘ) ನ್ಯಾಯಾಲಯ ಐಸ್‌ಲ್ಯಾಂಡಿನ ಪರ ತೀರ್ಪಿತ್ತಿತು. ಹಾಗಾದರೆ ಬ್ರಿಟನ್ನಿಗೆ ಹಣ ಸಿಗಲಿಲ್ಲವೇ? ಸಿಕ್ಕಿತು. ಲ್ಯಾಂಡ್ಸ್‌ಬ್ಯಾಂಕಿಯ ದಿವಾಳಿ ಆಸ್ತಿಯನ್ನು ಮಾರಿದ ಹಣದಲ್ಲಿ, 2008ರ ತುರ್ತು ಕಾನೂನು ಠೇವಣಿಗೆ ಕೊಟ್ಟ ಮೊದಲ ಸರದಿಯಂತೆ, ಆ ಬಾಕಿ ಹಂತಹಂತವಾಗಿ 2016ರ ಹೊತ್ತಿಗೆ ತೀರಿತು. ಜನ ಬೇಡವೆಂದದ್ದು ಸಾಲವನ್ನಲ್ಲ, ಅದಕ್ಕೆ ತಾವು ಜಾಮೀನು ನಿಲ್ಲುವುದನ್ನು.

ಬ್ಯಾಂಕಿನವರ ಜೈಲಿನ ವಿಷಯದಲ್ಲಿ ಸಂದೇಶ ಹೆಚ್ಚುಕಡಿಮೆ ಸರಿ, ಕಾಲ ಮಾತ್ರ ತಪ್ಪು. ವಿಶೇಷ ಪ್ರಾಸಿಕ್ಯೂಟರ್ ಹುದ್ದೆಗೆ ಮೊದಲ ಸಲ ಕರೆದಾಗ ಯಾರೂ ಅರ್ಜಿಯನ್ನೇ ಹಾಕಲಿಲ್ಲ. ಎರಡನೆಯ ಸಲ ಬಂದವರು ಆಕ್ರಾನೆಸ್ ಎಂಬ ಸಣ್ಣ ಊರಿನ ಪೊಲೀಸ್ ಮುಖ್ಯಸ್ಥ ಓಲಾಫುರ್ ಹೌಕ್ಸನ್. ಬೆರಳೆಣಿಕೆಯ ಸಿಬ್ಬಂದಿಯಿಂದ ಆರಂಭವಾದ ಕಚೇರಿ ನ್ಯಾಯಾಲಯದಲ್ಲಿ ದೊಡ್ಡ ತೀರ್ಪುಗಳನ್ನು ಪಡೆಯುವ ಹೊತ್ತಿಗೆ ನಾಲ್ಕೈದು ವರ್ಷ ಕಳೆದಿತ್ತು. ಕೌಪ್‌ಥಿಂಗ್‌ನ ಮುಖ್ಯಸ್ಥರಿಗೆ ಐದೂವರೆ ವರ್ಷದ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು 2015ರಲ್ಲಿ. ತನಿಖಾ ಆಯೋಗದ ವರದಿ 2010ರ ಏಪ್ರಿಲ್‌ನಲ್ಲಿ ಒಂಬತ್ತು ಸಂಪುಟಗಳಾಗಿ ಹೊರಬಂದಾಗ, ರೇಕ್ಯಾವಿಕ್ ನಗರ ರಂಗಮಂದಿರದ ನಟರು ಅದನ್ನು ಹಗಲೂ ರಾತ್ರಿ ಸರದಿಯ ಮೇಲೆ ಗಟ್ಟಿಯಾಗಿ ಓದಿ ಮುಗಿಸಿದರು. ಮಾಜಿ ಪ್ರಧಾನಿ ಗೇರ್ ಅವರನ್ನು ವಿಶೇಷ ನ್ಯಾಯಾಲಯ 2012ರಲ್ಲಿ ಒಂದು ಸಣ್ಣ ಆರೋಪದಲ್ಲಿ ತಪ್ಪಿತಸ್ಥರೆಂದು ಹೇಳಿ, ಶಿಕ್ಷೆಯಿಲ್ಲದೆ ಬಿಟ್ಟಿತು. ನನ್ನನ್ನು ಕೇಳಿದರೆ, ಪಾತ್ರೆ ಬಡಿದವರ ನಿಜವಾದ ಗಳಿಕೆ ಈ ಲೆಕ್ಕ ಒಪ್ಪಿಸುವಿಕೆ. ತುರ್ತು ಕಾನೂನು ಅವರಿಲ್ಲದೆಯೂ ಆಗುತ್ತಿತ್ತು. ಒಂಬತ್ತು ಸಂಪುಟಗಳ ವರದಿ ಆಗುತ್ತಿರಲಿಲ್ಲ.

ಕೊನೆಯದು ಸಂವಿಧಾನ. 2009ರ ನವೆಂಬರ್ 14ರಂದು ಸ್ವಯಂಸೇವಕರ ಗುಂಪೊಂದು ರೇಕ್ಯಾವಿಕ್‌ನ ಒಳಾಂಗಣ ಕ್ರೀಡಾಂಗಣದಲ್ಲಿ ಸುಮಾರು 1,500 ಜನರನ್ನು ಸೇರಿಸಿತು. ಅವರಲ್ಲಿ ಸುಮಾರು 1,200 ಮಂದಿಯನ್ನು ಜನಸಂಖ್ಯಾ ದಾಖಲೆಯಿಂದ ಚೀಟಿ ಎತ್ತಿದಂತೆ ಆರಿಸಲಾಗಿತ್ತು. ದೇಶ ಯಾವ ಮೌಲ್ಯದ ಮೇಲೆ ನಿಲ್ಲಬೇಕೆಂದು ಕೇಳಿದಾಗ ಅತಿ ಹೆಚ್ಚು ಬಂದ ಉತ್ತರ ಪ್ರಾಮಾಣಿಕತೆ. ಅದರ ಮುಂದುವರಿಕೆಯಾಗಿ 2010ರ ನವೆಂಬರಿನಲ್ಲಿ ಸಂವಿಧಾನದ ಕರಡು ಬರೆಯಲು 522 ಅಭ್ಯರ್ಥಿಗಳಿಂದ 25 ಜನರನ್ನು ಆರಿಸುವ ಚುನಾವಣೆ ನಡೆಯಿತು. ಮತದಾನದ ಕ್ರಮದಲ್ಲಿ ದೋಷವಿದೆಯೆಂದು ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. ಸಂಸತ್ತು ಬಹುಪಾಲು ಅದೇ ಜನರನ್ನು ಮಂಡಳಿಯೆಂದು ನೇಮಿಸಿತು. ಅವರು ಅಂತರ್ಜಾಲದಲ್ಲಿ ಜನರ ಸಲಹೆ ಪಡೆಯುತ್ತ, 2011ರ ಜುಲೈ ಕೊನೆಗೆ ಕರಡನ್ನು ಒಮ್ಮತದಿಂದ ಒಪ್ಪಿಸಿದರು. 2012ರ ಅಕ್ಟೋಬರ್ 20ರ ಸಲಹಾ ಜನಮತಗಣನೆಯಲ್ಲಿ ಮೂರನೆಯ ಎರಡು ಭಾಗದಷ್ಟು ಜನ ಕರಡನ್ನು ಒಪ್ಪಿದರು. ಆದರೆ ಮತ ಹಾಕಲು ಬಂದವರೇ ಅರ್ಧದಷ್ಟು, ವಿರೋಧ ಪಕ್ಷಗಳು ಹಿಡಿದುಕೊಂಡದ್ದು ಆ ಎಳೆಯನ್ನೇ. 2013ರ ವಸಂತದಲ್ಲಿ ಕರಡನ್ನು ಅಂಗೀಕರಿಸದೆಯೇ ಅಧಿವೇಶನ ಮುಗಿಯಿತು. ಏಪ್ರಿಲ್ ಚುನಾವಣೆಯಲ್ಲಿ, ಬ್ಯಾಂಕುಗಳನ್ನು ಖಾಸಗಿಗೆ ಕೊಟ್ಟಿದ್ದ ಅದೇ ಎರಡು ಪಕ್ಷಗಳು ಮರಳಿ ಅಧಿಕಾರಕ್ಕೆ ಬಂದವು. ಜಾರಿಯಲ್ಲಿ ಉಳಿದದ್ದು 1944ರ ಸಂವಿಧಾನ. ಐಸ್‌ಸೇವ್ ಮಸೂದೆಯನ್ನು ಜನರ ಮುಂದಿಡಲು ಅಧ್ಯಕ್ಷರಿಗೆ ಅವಕಾಶ ಕೊಟ್ಟ 26ನೆಯ ವಿಧಿ ಇರುವುದು ಅದರಲ್ಲಿಯೇ.